ತೊಗರಿ ಕಣಜದಲ್ಲಿ ಬೇಳೆ ಕೊಳ್ಳುವವರು

(ದೃಶ್ಯ: ಜನವರಿಯ ಕಲಬುರಗಿ ಎಪಿಎಂಸಿ ಪ್ರಾಂಗಣ, ತೊಗರಿಯ ರಾಶಿಗಳು)

ನಿರೂಪಣೆ: ಆಹಾರ ಭದ್ರತೆಯ ಚರ್ಚೆ ನಮ್ಮಲ್ಲಿ ಅಕ್ಕಿಯ ಕಿಲೋ ಲೆಕ್ಕದಿಂದ ಆರಂಭವಾಗಿ ಬಹುತೇಕ ಅಲ್ಲಿಯೇ ಮುಗಿಯುತ್ತದೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯು ಆದ್ಯತಾ ಕುಟುಂಬದ ಪ್ರತಿ ಸದಸ್ಯರಿಗೆ ತಿಂಗಳಿಗೆ 5 ಕಿಲೋ, ಅಂತ್ಯೋದಯ ಕುಟುಂಬಕ್ಕೆ 35 ಕಿಲೋ ಧಾನ್ಯದ ಹಕ್ಕನ್ನು ಕೊಟ್ಟಿತು; ಅದರಿಂದ ಬಡವರ ಒಲೆ ಉರಿಯುತ್ತಿದೆ ಎಂಬುದನ್ನು ಅಲ್ಲಗಳೆದರೆ ಅನ್ಯಾಯವಾದೀತು. ಆದರೆ ನೂರು ಗ್ರಾಂ ಅಕ್ಕಿಯಲ್ಲಿ ಪ್ರೋಟೀನ್ ಸುಮಾರು 7 ಗ್ರಾಂ. ಅಷ್ಟೇ ತೊಗರಿ ಬೇಳೆಯಲ್ಲಿ ಸುಮಾರು 22 ಗ್ರಾಂ. ಬೇಳೆಕಾಳು ಬೆಳೆಯುವುದರಲ್ಲಿ ಜಗತ್ತಿಗೇ ಮೊದಲಿಗರಾದ ನಾವು ಮ್ಯಾನ್ಮಾರ್, ಮೊಜಾಂಬಿಕ್‌ಗಳಿಂದ ತೊಗರಿ ತರಿಸಿಕೊಳ್ಳುತ್ತೇವೆ. 2019ರಲ್ಲಿ ಭೌಗೋಳಿಕ ಸೂಚಕ ಪಡೆದ ಕಲಬುರಗಿಯ ತೊಗರಿ ಬೇಳೆಯನ್ನು, ಅದನ್ನು ಬೆಳೆದವನೇ ಮಳೆಗಾಲದಲ್ಲಿ ಕಿರಾಣಿ ಅಂಗಡಿಯಿಂದ ಅಳೆದು ತರುತ್ತಾನೆ.

(ದೃಶ್ಯ: ಎರೆಭೂಮಿಯ ಹೊಲ, ಸೀಳಿದ ತೊಗರಿ ಕಾಂಡದ ಸಮೀಪ ಚಿತ್ರ)

ಇಳುವರಿಯ ಮಾತನ್ನು ಮೊದಲು ಮುಗಿಸೋಣ. ಒಣಗಿದ ಈ ಗಿಡದ ಕಾಂಡವನ್ನು ಸೀಳಿದರೆ ತೊಗಟೆಯ ಕೆಳಗೆ ಕಂದುಗಪ್ಪು ಗೆರೆಗಳು ಕಾಣುತ್ತವೆ. ಇದು ನೆಟೆ ರೋಗ. ಇದರ ಶಿಲೀಂಧ್ರ ಕೂಳೆಯಲ್ಲಿ ವರ್ಷಗಟ್ಟಲೆ ಬದುಕುವುದರಿಂದ, ತೊಗರಿಯ ಮೇಲೆ ತೊಗರಿ ಬಿತ್ತುವ ಬದಲು ನಡುವೆ ಜೋಳ ಬಿತ್ತುವುದು, ಟಿಎಸ್-3ಆರ್‌ನಂತಹ ನಿರೋಧಕ ತಳಿ ಆರಿಸುವುದು ಅನಿವಾರ್ಯ. ಬಿತ್ತಿದ ಐವತ್ತು ದಿನಗಳ ಆಸುಪಾಸಿನಲ್ಲಿ ಕುಡಿ ಚಿವುಟಿದರೆ ಕವಲು ಹೆಚ್ಚುತ್ತವೆ, ಕಾಯಿಯೂ ಹೆಚ್ಚುತ್ತದೆ.

(ದೃಶ್ಯ: ಅಂಗೈಯಲ್ಲಿ ತೊಗರಿ ಕಾಳು)

ಬೆಳೆಯುವ ಕಷ್ಟಕ್ಕಿಂತ ಬೆಳೆದದ್ದನ್ನು ಮನೆಯಲ್ಲಿ ಉಳಿಸಿಕೊಳ್ಳುವ ಕಷ್ಟವೇ ದೊಡ್ಡದೆಂಬುದು ನಮ್ಮ ಅಭಿಪ್ರಾಯ. ಕಾಳಿನ ಮೇಲಿನ ಈ ಬಿಳಿ ಚುಕ್ಕೆಗಳನ್ನು ಗಮನಿಸಿ. ಇವು ದುಂಬಿಯ ಮೊಟ್ಟೆಗಳು, ಎಷ್ಟೋ ಸಲ ಹೊಲದಲ್ಲಿ ಕಾಯಿಯ ಮೇಲೆಯೇ ಇಟ್ಟು ಕಳುಹಿಸಿದ ಉಡುಗೊರೆ. ಮರಿ ಕಾಳನ್ನು ಕೊರೆದು ಒಳಗೇ ಬೆಳೆದು, ದುಂಡನೆಯ ತೂತು ಮಾಡಿ ಹೊರಬರುತ್ತದೆ. ಈ ದುಂಬಿಗೆ ಇಡೀ ಕಾಳು ಬೇಕು, ಒಡೆದ ಬೇಳೆ ಅಷ್ಟಾಗಿ ಒಗ್ಗದು. ಕಾಳನ್ನು ನೆನೆಸಿ, ಕೆಮ್ಮಣ್ಣು ಬಳಿದು, ಒಣಗಿಸಿ ಬೀಸುಕಲ್ಲಿನಲ್ಲಿ ಒಡೆದಿಡುತ್ತಿದ್ದ ಅಜ್ಜಿಯರ ಪದ್ಧತಿ ರುಚಿಗಷ್ಟೇ ಅಲ್ಲ, ದಾಸ್ತಾನಿಗೂ ಒದಗುತ್ತಿತ್ತು. ಈಗ ಗಾಳಿಯಾಡದ ಮೂರು ಪದರದ ಚೀಲಗಳಿವೆ: ಒಳಗಿನ ಆಮ್ಲಜನಕ ತೀರಿದಂತೆ ಹುಳು ಔಷಧವಿಲ್ಲದೆಯೇ ಸಾಯುತ್ತದೆ.

ಚೀಲ ಹುಳುವನ್ನು ತಡೆದೀತು, ಸಾಲ ಕೊಟ್ಟವನನ್ನಲ್ಲ. 2025–26ರ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ ಎಂದು ಘೋಷಣೆಯಾಗಿದ್ದರೂ, ಬೀಜ ಗೊಬ್ಬರದ ಬಾಕಿ ತೀರಿಸಬೇಕಾದ ಸಣ್ಣ ರೈತ ಖರೀದಿ ಕೇಂದ್ರ ತೆರೆಯುವವರೆಗೆ ಕಾಯಲಾರದೆ ಅಡತಿಯವರ ಮುಂದೆ ರಾಶಿ ಸುರಿಯುತ್ತಾನೆ. ನೋಂದಾಯಿತ ಉಗ್ರಾಣದಲ್ಲಿ ದಾಸ್ತಾನಿಟ್ಟು ಅದರ ರಸೀದಿಯ ಮೇಲೆ ಬ್ಯಾಂಕ್ ಸಾಲ ಪಡೆಯುವ ದಾರಿಯನ್ನು 2007ರ ಉಗ್ರಾಣ ಕಾಯ್ದೆ ತೆರೆದಿದೆ. ಐದಾರು ಚೀಲದವನಿಗೆ ಒಬ್ಬನೇ ಅಷ್ಟು ದೂರ ಸಾಗಿಸುವುದು ಗಿಟ್ಟದು. ಹತ್ತಿಪ್ಪತ್ತು ಮನೆಯವರು ರೈತ ಉತ್ಪಾದಕರ ಸಂಸ್ಥೆಯ ಮೂಲಕ ಒಂದೇ ಲಾರಿ ಹೂಡಿದರೆ ಲೆಕ್ಕ ಕೂಡುತ್ತದೆ, ಮತ್ತು ವರ್ಷಕ್ಕಾಗುವಷ್ಟು ಕಾಳನ್ನು ಪ್ರತಿ ಮನೆಯೂ ಮೊದಲೇ ತೆಗೆದಿಟ್ಟುಕೊಳ್ಳಬಹುದು.