ಗಿಡ್ಡ ಮಾಡಿದ ಕತ್ತಿಯನ್ನು ಗುರುತಿಸೋದು ಹೇಗೆ?

ಕೇಳುಗರಿಗೆ ನಮಸ್ಕಾರ. ಇವತ್ತಿನ ಮಾತು ಜಪಾನಿನ ಹಳೆಯ ಕತ್ತಿಗಳ ಬಗ್ಗೆ.

ಅಲ್ಲಿನ ಎಷ್ಟೋ ಹೆಸರಾಂತ ಕತ್ತಿಗಳು ಇವತ್ತು ಮೊದಲಿನ ಉದ್ದದಲ್ಲಿ ಉಳಿದಿಲ್ಲ. ಕುದುರೆ ಏರಿ ಹೋರಾಡುವ ಕಾಲಕ್ಕೆ ಉದ್ದನೆಯ, ಚೆನ್ನಾಗಿ ಬಾಗಿದ ಕತ್ತಿ ಬೇಕಿತ್ತು. ಮುಂದೆ ನೆಲದ ಮೇಲೆ ನಿಂತು ಕಾದಾಡುವುದು ಜಾಸ್ತಿಯಾಯಿತು. ಸರಕ್ಕನೆ ಒರೆಯಿಂದ ಎಳೆಯಲು ಗಿಡ್ಡ ಕತ್ತಿಯೇ ಅನುಕೂಲ. ಹಾಗಾಗಿ ಹಳೆಯದನ್ನು ಬಿಸಾಡದೆ ಕತ್ತರಿಸಿಕೊಂಡರು. ಇದಕ್ಕೆ ಅಲ್ಲಿ ಸುರಿಅಗೆ ಅನ್ನುತ್ತಾರೆ. ಇದನ್ನು ಹಾಳು ಮಾಡಿದ್ದು ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ.

ಕತ್ತರಿಸುವುದು ಹಿಡಿಯೊಳಗೆ ಕೂರುವ ಬುಡದಿಂದ, ತುದಿಯಿಂದ ಅಲ್ಲ. ಆದ್ದರಿಂದ ಪತ್ತೆ ಮಾಡಬೇಕಾದರೆ ಹಿಡಿ ಕಳಚಬೇಕು. ಜಪಾನಿ ಕತ್ತಿಯಲ್ಲಿ ಇದು ಸುಲಭ. ಒಂದು ಬಿದಿರಿನ ಆಣಿ ತೆಗೆದರೆ ಹಿಡಿ ಬಿಚ್ಚಿಕೊಳ್ಳುತ್ತದೆ. ನಮ್ಮ ಕಡೆಯ ತಲವಾರುಗಳಲ್ಲಿ ಸಾಮಾನ್ಯವಾಗಿ ಅರಗು ಹಾಕಿ ಕೂರಿಸಿರುತ್ತಾರೆ, ಸುಮ್ನೆ ಬಿಚ್ಚಲಾಗದು.

ಹಿಡಿಯೊಳಗಿನ ಬುಡದಲ್ಲಿ ಆಣಿಯ ತೂತುಗಳನ್ನು ನೋಡಿ. ಒಂದಕ್ಕಿಂತ ಹೆಚ್ಚಿದ್ದರೆ ಅನುಮಾನ ಪಡಬಹುದು. ಬರೀ ಹಿಡಿ ಬದಲಾದಾಗಲೂ ಹೊಸ ತೂತು ಕೊರೆಯುತ್ತಿದ್ದರು, ಹಾಗಾಗಿ ಅದೊಂದನ್ನೇ ನಂಬಬೇಡಿ. ತಳದ ಹಳೆಯ ತೂತು ಅರ್ಧಕ್ಕೆ ತುಂಡಾಗಿದ್ದರೆ ಕತ್ತರಿಸಿದ್ದು ಖಚಿತ. ಅರದ ಗೆರೆಗಳು ಮೇಲೊಂದು ತರಹ, ಕೆಳಗೊಂದು ತರಹ ಇವೆಯೇ? ತುಕ್ಕಿನ ಬಣ್ಣ ಎರಡು ಬಗೆಯೇ? ಬುಡದ ತುದಿ ದುಂಡಗಿದೆಯೋ, ನೇರವಾಗಿ ಕೊಯ್ದಂತಿದೆಯೋ? ಕಮ್ಮಾರನ ಹೆಸರು ಇರುವುದೂ ಇಲ್ಲೇ. ಜಾಸ್ತಿ ಕತ್ತರಿಸಿದರೆ ಹೆಸರು ಹೋಗುತ್ತದೆ. ಕೆಲವರು ಹೆಸರಿರುವ ತುಂಡನ್ನು ಕಿತ್ತು ಹೊಸ ಬುಡದಲ್ಲಿ ಕೂರಿಸುತ್ತಿದ್ದರು. ಇನ್ನು ಕೆಲವರು ಅದನ್ನು ಹಿಂದಕ್ಕೆ ಮಡಚಿ ಉಳಿಸಿಕೊಳ್ಳುತ್ತಿದ್ದರು. ಎಂಥ ಅಕ್ಕರೆ!

ಅಲಗಿನ ಬಾಗು ಕೂಡ ಸುಳಿವು ಕೊಡುತ್ತದೆ. ಹಳೆಯ ಉದ್ದ ಕತ್ತಿಗಳಲ್ಲಿ ಬಾಗು ಜಾಸ್ತಿ ಇರುತ್ತಿದ್ದುದು ಹಿಡಿಯ ಹತ್ತಿರ. ಆ ಭಾಗ ಹೋದರೆ ಉಳಿದದ್ದು ಸ್ವಲ್ಪ ನೆಟ್ಟಗೆ ಕಾಣುತ್ತದೆ. ಅಲಗಿನ ಉದ್ದಕ್ಕೂ ಕೊರೆದ ತೋಡು ಬುಡದ ಕೊನೆಯ ತನಕ ಓಡಿದ್ದರೆ ಅದೂ ಗಮನಿಸಬೇಕಾದ್ದೇ.

ಇನ್ನೊಂದು ಬದಲಾವಣೆ ಬೆಂಕಿಯಿಂದ. 1560ರಲ್ಲಿ ಒಕೆಹಾಜಾಮಾ ಯುದ್ಧದಲ್ಲಿ ಒದಾ ನೊಬುನಾಗ ಎಂಬ ಸರದಾರ, ಎದುರಾಳಿ ಸರದಾರ ಇಮಾಗಾವಾ ಯೊಶಿಮೊತೊನನ್ನು ಸೋಲಿಸಿ ಅವನ ಕತ್ತಿ ತಗೊಂಡ. ಅದನ್ನು ಗಿಡ್ಡ ಮಾಡಿಸಿ, ಬುಡದಲ್ಲಿ ಗೆದ್ದ ದಿನಾಂಕವನ್ನೂ ತನ್ನ ಹೆಸರನ್ನೂ ಚಿನ್ನದಲ್ಲಿ ಕೂರಿಸಿದ. 1657ರಲ್ಲಿ ಎದೊ ನಗರಕ್ಕೆ, ಅಂದರೆ ಇವತ್ತಿನ ಟೋಕಿಯೊಗೆ, ಬೆಂಕಿ ಬಿದ್ದಾಗ ಅದು ಸುಟ್ಟು ಹದ, ಅಂದರೆ ಉಕ್ಕಿನ ಗಡಸುತನ, ಕಳಕೊಂಡಿತು. ಮತ್ತೆ ಕಾಯಿಸಿ, ನೀರಲ್ಲಿ ಅದ್ದಿ ಹದ ಕೊಟ್ಟರು. ಈಗ ಅದು ಕ್ಯೋಟೊದ ಕೆಂಕುನ್ ದೇಗುಲದ ಸ್ವತ್ತು. ಹೀಗೆ ಮರುಹದ ಹಾಕಿದ ಅಲಗುಗಳಲ್ಲಿ ಹಿಡಿಯ ಹತ್ತಿರ ಓರೆಯಾಗಿ ಮಂಜಿನಂಥ ನೆರಳು ಕಾಣುವುದುಂಟು. ಮಿಝುಕಾಗೆ ಅಂತ ಅದರ ಹೆಸರು. ಹಾಗಂತ ನೆರಳು ಕಂಡ ತಕ್ಷಣ ತೀರ್ಪು ಕೊಡಬೇಡಿ. ಹೊರಿಕಾವಾ ಕುನಿಹಿರೊ ಎಂಬ ಕಮ್ಮಾರನ ಕತ್ತಿಗಳಲ್ಲಿ ಅದು ಹುಟ್ಟಿನಿಂದಲೇ ಇರುವುದುಂಟು.

ತುದಿ ಮುರಿದು ಮತ್ತೆ ಉಜ್ಜಿದ್ದರೆ ತಿಳಿಯುವುದು ಬೇಗ. ಅಲಗಿನ ಬಾಯಿಯುದ್ದಕ್ಕೂ ಇರುವ ಹದದ ಬಿಳಿ ಗೆರೆ ಸಾಮಾನ್ಯವಾಗಿ ತುದಿಯಲ್ಲಿ ತಿರುಗಿ ಬೆನ್ನಿನ ಕಡೆ ಬರುತ್ತದೆ. ತಿರುಗದೆ ಅಂಚಿನಾಚೆ ಹೋಗಿಬಿಟ್ಟರೆ ಆ ಜಾಗ ಸವೆದು ಹೋಗಿದೆ ಅಂತ ಅನುಮಾನಿಸಿ.

ಕೊನೆಗೆ ಮೋಸದ ಮಾತು. ಗಿಡ್ಡ, ಹೆಸರಿಲ್ಲದ ಕತ್ತಿ ಅಂದರೆ ಹಳೆಯ ಕಾಲದ್ದು ಅನ್ನುವ ನಂಬಿಕೆ ಕೆಲವರಿಗಿದೆ. ಅದನ್ನೇ ಬಂಡವಾಳ ಮಾಡಿಕೊಂಡು ಹೊಸ ಅಲಗಿನ ಹೆಸರು ಅಳಿಸಿ, ಬುಡ ಕೊಯ್ದು, ತುಕ್ಕು ಬರಿಸಿ ಮಾರುವವರಿದ್ದಾರೆ. ಅಸಲಿ ಹಳೆಯ ತುಕ್ಕು ಕಪ್ಪಾಗಿ, ಗಟ್ಟಿಯಾಗಿ ಹತ್ತಿಕೊಂಡಿರುತ್ತದೆ. ಹೊಸದು ಕೆಂಪಗೆ ಬೆರಳಿಗೆ ಅಂಟುತ್ತದೆ. ಆದ್ದರಿಂದ ಬುಡದ ತುಕ್ಕನ್ನು ಯಾವತ್ತೂ ಉಜ್ಜಬೇಡಿ, ಎಣ್ಣೆ ಬಟ್ಟೆಯಲ್ಲೂ ತಿಕ್ಕಬೇಡಿ. ಉಜ್ಜಿದರೆ ಕತ್ತಿಯ ವಯಸ್ಸು ಹೇಳುವ ಸಾಕ್ಷಿಯೂ ಹೋಯಿತು, ಬೆಲೆಯೂ ಹೋಯಿತು. ನಮಸ್ಕಾರ.