ನಾಟಕಶಾಲೆಗೆ ಗಾಜು ಹಾಕಬೇಕಂತೆ!

ನಮಸ್ಕಾರ. ಹೋದ ಸಂಚಿಕೆ ಕೇಳಿದ ಒಬ್ಬರು ಬರೆದಿದ್ದಾರೆ: "ಅಷ್ಟು ಹಳೇ ಮರದ ಕಟ್ಟಡದಲ್ಲಿ ನಾಟಕ ಗೀಟಕ ಯಾಕೆ? ಗಾಜು ಹಾಕಿ ದೂರದಿಂದ ತೋರಿಸಲಿ." ಓದಿ ಮೈಯೆಲ್ಲ ಉರಿಯಿತು. ನಾಟಕಶಾಲೆ ಇರುವುದು ನಾಟಕ ಆಡಲಿಕ್ಕೆ ಅಲ್ವಾ?

ಅವರು ಹೇಳುತ್ತಿರುವುದು ಜಪಾನಿನ ಶಿಕೋಕು ದ್ವೀಪದ ಕಾನಮಾರು-ಜಾ ಅನ್ನುವ ನಾಟಕಶಾಲೆ ಬಗ್ಗೆ. ಕೊತೊಹಿರಾ ಅನ್ನುವ ಚಿಕ್ಕ ಊರು, ಬೆಟ್ಟದ ಮೇಲೆ ಕೊಂಪಿರಾ ದೇವಸ್ಥಾನ. ಯಾತ್ರೆಗೆ ಬಂದವರಿಗೆ ಕಬುಕಿ, ಅಂದರೆ ಜಪಾನಿನ ಸಾಂಪ್ರದಾಯಿಕ ನಾಟಕ, ತೋರಿಸಲು 1835ರಲ್ಲಿ ಕಟ್ಟಿದ್ದು. ಜಪಾನಿನಲ್ಲಿ ಉಳಿದಿರುವ ಕಬುಕಿ ನಾಟಕಶಾಲೆಗಳಲ್ಲಿ ಇದೇ ಎಲ್ಲಕ್ಕಿಂತ ಹಳೆಯದು.

ಒಳಗೆ ಕುರ್ಚಿಗಳ ಸಾಲಿಲ್ಲ. ಮರದ ಪಟ್ಟಿಗಳ ನಡುವಿನ ಚೌಕಗಳಲ್ಲಿ ನೆಲದ ಮೇಲೆ ಕೂರಬೇಕು. ಜನರ ನಡುವೆಯೇ ಹನಮಿಚಿ ಅನ್ನುವ ದಾರಿ. ನಟ ಕೈಗೆ ಸಿಗುವಷ್ಟು ಹತ್ತಿರ ಹಾದುಹೋಗುತ್ತಾನೆ. ಮೇಲಿನ ಕಿಟಕಿ ಬಾಗಿಲು ತೆಗೆದರೆ ಹಗಲು, ಮುಚ್ಚಿದರೆ ರಾತ್ರಿ. ರಂಗವೇ ಗರಗರ ತಿರುಗುತ್ತದೆ. ಮೋಟಾರಿಲ್ಲ, ಕೆಳಗಿನ ಕತ್ತಲಲ್ಲಿ ಊರಿನ ಹುಡುಗರು ಹೆಗಲು ಕೊಟ್ಟು ತಳ್ಳುತ್ತಾರೆ. ಆ ಜಾಗಕ್ಕೆ ನರಾಕು ಅನ್ನುತ್ತಾರೆ. ನಮ್ಮ ನರಕವೇ! ಬೌದ್ಧಧರ್ಮದ ಜೊತೆ ಅಷ್ಟು ದೂರ ಹೋದ ಮಾತು. ಕೊಂಪಿರಾ ಕೂಡ ನಮ್ಮ ಕುಂಭೀರ, ಮೊಸಳೆ. ಇಂಥ ಮಾತುಗಳ ಮೇಲೇ ಒಂದು ಸಂಚಿಕೆ ಬರುತ್ತಿದೆ, ಸಬ್‌ಸ್ಕ್ರೈಬ್ ಮಾಡಿಕೊಳ್ಳಿ.

ಈಗ ಹೇಳಿ, ಗಾಜಿನಾಚೆ ನಿಂತವರಿಗೆ ಇದರಲ್ಲಿ ಏನು ಸಿಗುತ್ತದೆ?

ಬೀಗ ಹಾಕಿದ ಕಾಲವೂ ಇತ್ತು. ನಾಟಕ ಹೋಗಿ ಸಿನಿಮಾ ಬಂತು, ಅದೂ ನಿಂತಿತು, ಕಟ್ಟಡ ಹಾಳು ಬಿತ್ತು. 1970ರಲ್ಲಿ ಸರ್ಕಾರ ರಾಷ್ಟ್ರದ ಮಹತ್ವದ ಸಾಂಸ್ಕೃತಿಕ ಆಸ್ತಿ ಎಂದು ಗುರುತಿಸಿತು. ಆಮೇಲೆ ಬಿಚ್ಚಿ, ಈಗಿನ ಜಾಗಕ್ಕೆ ತಂದು, 1976ರ ಹೊತ್ತಿಗೆ ಮತ್ತೆ ನಿಲ್ಲಿಸಿದರು. ಆದರೆ ಕಬುಕಿ ವಾಪಸ್ ಬಂದದ್ದು 1985ರಲ್ಲಿ! ಅಷ್ಟು ವರ್ಷ ಚೆಂದದ ಕಟ್ಟಡ ಸುಮ್ನೆ ನಿಂತಿತ್ತು. ಅಂದಿನಿಂದ ವಸಂತ ಬಂದರೆ ಅಲ್ಲಿ ನಾಟಕ. ಕೊರೊನಾ ಬಂದಾಗ ನಿಂತದ್ದು 2024ರಲ್ಲಿ ಮತ್ತೆ ಶುರುವಾಯಿತು.

"ಬೆಂಕಿ ಬಿದ್ದರೆ?" ಅಂತೀರಿ. ಬೀಗ ಹಾಕಿದ ಮನೆಗೆ ಬೆಂಕಿ ಬೀಳಲ್ವಾ? "ಮರ ಸವೆಯುತ್ತದೆ." ಸವೆಯಲಿ! ಸವೆದ ಹಲಗೆ ಬದಲಿಸೋಣ. ಬಡಗಿ ಇರುವುದು ಯಾಕೆ?

ಇಲ್ಲ, ನಾನು ಒಪ್ಪುವುದಿಲ್ಲ. ನಾಟಕ ಆಡಬೇಕು. ಆ ಹುಡುಗರು ರಂಗ ತಳ್ಳಬೇಕು. ಬರೆದವರೇ, ಒಂದು ಸಲ ಹೋಗಿ ಆ ನೆಲದ ಮೇಲೆ ಕೂತು ಬನ್ನಿ. ಆಮೇಲೂ ಗಾಜು ಬೇಕು ಅನ್ನಿಸಿದರೆ ಮತ್ತೆ ಬರೆಯಿರಿ, ಓದುತ್ತೇನೆ.