ಇಟಾಲಿಯನ್ ಕ್ರಿಯಾಪದವನ್ನು ಕಿವಿಯಿಂದ ಕಲಿಯೋಣ

ಎಲ್ಲರಿಗೂ ನಮಸ್ಕಾರ.

ಇಟಾಲಿಯನ್ ಕಲಿಯಲು ಹೊರಟವರನ್ನು ಮೊದಲು ಹೆದರಿಸುವುದು ಕ್ರಿಯಾಪದದ ಕೋಷ್ಟಕ. ಇಟಲಿಯ ಶಾಲಾ ವ್ಯಾಕರಣದ ಲೆಕ್ಕದಲ್ಲಿ ಒಂದು ಕ್ರಿಯಾಪದಕ್ಕೆ 7 ಅರ್ಥರೂಪಗಳು, ಅಂದರೆ ನಿಶ್ಚಯ, ಅನುಮಾನ, ಆಜ್ಞೆ ಇಂಥವನ್ನು ಹೇಳುವ ಬಗೆಗಳು. ಅವುಗಳೊಳಗೆ ಒಟ್ಟು 21 ಕಾಲಗಳು. ಹೆಚ್ಚಿನ ಕಾಲಗಳಿಗೆ ಆರಾರು ರೂಪ. ನೋಡಿದ ಕೂಡಲೇ ಪುಸ್ತಕ ಮುಚ್ಚಿಡೋಣ ಅನಿಸುತ್ತದೆ, ಅಲ್ವಾ? ನಾನು ಇವತ್ತು ಹೇಳುವುದು ಇಷ್ಟೇ. ಆ ಕೋಷ್ಟಕವನ್ನು ಕಣ್ಣಿನಿಂದ ಕಲಿಯಬೇಡಿ, ಕಿವಿಯಿಂದ ಕಲಿಯಿರಿ. ನಿಯಮಿತ ಕ್ರಿಯಾಪದಗಳಲ್ಲಿ ಗೊಂದಲ ಅನಿಸುವ ಹೆಚ್ಚಿನ ಸಂಗತಿಗಳಿಗೆ ಕಾರಣ ಉಚ್ಚಾರದಲ್ಲೇ ಇದೆ.

ಮೊದಲು ಆ 21ರ ಭಾರ ಸ್ವಲ್ಪ ಇಳಿಸೋಣ. ಅವುಗಳಲ್ಲಿ 9 ಜೋಡು ರೂಪಗಳು. ಅಂದರೆ 'ಅವೇರೆ' (ಹೊಂದಿರು) ಅಥವಾ 'ಎಸ್ಸೆರೆ' (ಇರು) ಎಂಬ ಸಹಾಯಕ ಕ್ರಿಯಾಪದದ ಜೊತೆ ಒಂದು ಕೃದಂತ ಸೇರಿಸಿದರೆ ಮುಗಿಯಿತು. 'ಓ ಪರ್ಲಾತೊ' ಅಂದರೆ ಮಾತಾಡಿದ್ದೇನೆ. 'ಅವೇವೊ ಪರ್ಲಾತೊ' ಅಂದರೆ ಮಾತಾಡಿದ್ದೆ. 'ಪರ್ಲಾತೊ' ಒಂದು ಗೊತ್ತಿದ್ದರೆ ಒಂಬತ್ತೂ ಕೈಗೆ ಬಂದ ಹಾಗೆ. ಬರುವುದು, ಹೋಗುವುದು, ಹೊರಡುವುದು ಇಂಥ ಕ್ರಿಯೆಗಳಿಗೆ 'ಎಸ್ಸೆರೆ' ಬೇಕು. ಆಗ ಕೃದಂತದಲ್ಲಿ ಲಿಂಗವೂ ವಚನವೂ ಕಾಣುತ್ತವೆ. ಹೊರಟವನು 'ಪರ್ತೀತೊ', ಹೊರಟವಳು 'ಪರ್ತೀತ'. ಹೊರಟ, ಹೊರಟಳು ಎಂದು ದಿನವೂ ಹೇಳುವ ನಮಗೆ ಇದು ವಿಚಿತ್ರ ಅನಿಸಬೇಕಾಗಿಲ್ಲ.

ಇಟಾಲಿಯನ್ ಕ್ರಿಯಾಪದದ ಕಟ್ಟಡವೂ ನಮಗೆ ಹೊಸದಲ್ಲ. ಧಾತು, ಆಮೇಲೆ ಕಾಲಸೂಚಕ ಪ್ರತ್ಯಯ, ಕೊನೆಗೆ ಆಖ್ಯಾತ ಪ್ರತ್ಯಯ ಎಂದು ನಾವು ಶಾಲೆಯಲ್ಲೇ ಓದಿದ್ದೇವೆ. 'ಪರ್ಲವಾಮೊ' ಎಂಬ ರೂಪ ಬಿಡಿಸಿ ನೋಡಿ. 'ಪರ್ಲ್' ಧಾತು. ನಂತರದ 'ಅ' ಗುಂಪಿನ ಗುರುತು; ಮೂಲರೂಪದ ಕೊನೆ ನೋಡಿ ಕ್ರಿಯಾಪದಗಳನ್ನು 'ಆರೆ', 'ಎರೆ', 'ಈರೆ' ಎಂದು ಮೂರು ಗುಂಪು ಮಾಡುತ್ತಾರೆ. 'ವ' ಎಂದರೆ ಕ್ರಿಯೆ ಹಿಂದೆ ನಡೆಯುತ್ತಿತ್ತು. 'ಮೊ' ಎಂದರೆ ನಾವು. ಒಟ್ಟಿಗೆ, ನಾವು ಮಾತಾಡುತ್ತಿದ್ದೆವು. 'ಬಂದೆ' ಅಂದಾಗ 'ನಾನು' ಹೇಳಬೇಕಿಲ್ಲವಲ್ಲ, ಅಲ್ಲೂ ಹಾಗೆಯೇ. ಇಂಗ್ಲಿಷಿನ ಮೂಲಕ ಇಟಾಲಿಯನ್ ಕಲಿಯುವವರು ಪ್ರತಿ ವಾಕ್ಯಕ್ಕೂ 'ಈಯೊ' (ನಾನು), 'ತೂ' (ನೀನು) ಅಂಟಿಸುತ್ತಾರೆ. ಕನ್ನಡದಿಂದ ನೇರವಾಗಿ ಹೋದರೆ ಆ ತೊಂದರೆ ಇಲ್ಲ.

ಹಾಗಾದರೆ ನಮಗೆ ಕಷ್ಟ ಎಲ್ಲಿ? ದನಿಯ ಒತ್ತಿನಲ್ಲಿ. ನಾನು ಹೇಳುತ್ತಿರುವುದು ಒತ್ತಕ್ಷರ ಅಲ್ಲ, ಪದದಲ್ಲಿ ಯಾವ ಅಕ್ಷರವನ್ನು ಜೋರಾಗಿ ಹೇಳಬೇಕು ಅನ್ನುವುದು. ಕನ್ನಡದಲ್ಲಿ ಅದು ಅರ್ಥ ಬದಲಿಸುವುದಿಲ್ಲ. ಇಟಾಲಿಯನ್‌ನಲ್ಲಿ ಬದಲಿಸುತ್ತದೆ. ಅದಕ್ಕೇ ನಾನು ಬರೆಯುವಾಗ ಒತ್ತು ಬೀಳುವ ಕಡೆ ದೀರ್ಘ ಹಾಕುತ್ತೇನೆ. 'ಪಾರ್ಲೊ' ಅಂದರೆ ಮಾತಾಡುತ್ತೇನೆ. 'ಪರ್ಲೋ' ಅಂದರೆ ಅವನು ಮಾತಾಡಿದ ಅಥವಾ ಅವಳು ಮಾತಾಡಿದಳು. ಅಕ್ಷರಗಳು ಅವೇ. ಒತ್ತು ಕೊನೆಗೆ ಜಾರಿದ್ದಕ್ಕೆ ಆಳೂ ಬದಲಾಯಿತು, ಕಾಲವೂ ಬದಲಾಯಿತು.

ಈಗ ವರ್ತಮಾನ ಕಾಲ. ಮಾತಾಡು ಎಂಬ 'ಪರ್ಲಾರೆ' ಹೀಗೆ ಹೋಗುತ್ತದೆ: ಪಾರ್ಲೊ, ಪಾರ್ಲಿ, ಪಾರ್ಲ, ಪರ್ಲ್ಯಾಮೊ, ಪರ್ಲಾತೆ, ಪಾರ್ಲನೊ. ಜೋರಾಗಿ ಹೇಳಿ ನೋಡಿ. ನಾನು, ನೀನು, ಅವನು, ಅವರು, ಈ ನಾಲ್ಕರಲ್ಲಿ ಒತ್ತು ಧಾತುವಿನ ಮೇಲಿದೆ. ನಾವು, ನೀವು, ಈ ಎರಡರಲ್ಲಿ ಮಾತ್ರ ಪ್ರತ್ಯಯದ ಮೇಲೆ ಬೀಳುತ್ತದೆ. ಹೊಸಬರು ಹೆಚ್ಚಾಗಿ ಎಡವುವುದು 'ಅವರು' ರೂಪದಲ್ಲಿ. ಪದ ಉದ್ದವಾಯಿತಲ್ಲ ಎಂದು 'ಪರ್ಲಾನೊ' ಅನ್ನುತ್ತಾರೆ. ಅದು 'ಪಾರ್ಲನೊ'. ಫೋನ್ ಮಾಡುತ್ತಾರೆ ಅನ್ನುವುದಕ್ಕೆ 'ತೆಲೇಫೊನನೊ'. ಒತ್ತು ಕೊನೆಯಿಂದ ನಾಲ್ಕನೇ ಅಕ್ಷರದ ಮೇಲೆ. ಬಾಯಿಗೆ ಕಷ್ಟ, ಆದರೆ ನಿಯಮ ಅದೇ.

ಈ ನಾಲ್ಕು–ಎರಡರ ಲೆಕ್ಕ ನೆನಪಿಟ್ಟುಕೊಳ್ಳಿ. ಏಕೆಂದರೆ 'ಈರೆ' ಗುಂಪಿನ ದೊಡ್ಡ ಒಗಟು ಇದರಿಂದಲೇ ಬಿಡಿಸಿಕೊಳ್ಳುತ್ತದೆ. ಮಲಗು, ನಿದ್ದೆ ಮಾಡು ಎಂಬ 'ದೊರ್ಮೀರೆ' ಸರಳವಾಗಿ ದೋರ್ಮೊ, ದೋರ್ಮಿ, ದೋರ್ಮೆ, ದೊರ್ಮ್ಯಾಮೊ, ದೊರ್ಮೀತೆ, ದೋರ್ಮೊನೊ ಎಂದು ನಡೆಯುತ್ತದೆ. ಆದರೆ ಮುಗಿಸು ಎಂಬ 'ಫಿನೀರೆ' ನಡುವೆ ಒಂದು 'ಇಸ್ಕ್' ಸೇರಿಸಿಕೊಳ್ಳುತ್ತದೆ: ಫಿನೀಸ್ಕೊ, ಫಿನೀಶ್ಶಿ, ಫಿನೀಶ್ಶೆ, ಫಿನ್ಯಾಮೊ, ಫಿನೀತೆ, ಫಿನೀಸ್ಕೊನೊ. ನಾಲ್ಕು ಕಡೆ 'ಇಸ್ಕ್' ಇದೆ (ಎರಡು ಕಡೆ ಅದು 'ಇಶ್ಶ್' ಎಂದು ಕೇಳುತ್ತದೆ), ನಾವು–ನೀವು ರೂಪಗಳಲ್ಲಿ ಇಲ್ಲ. ಯಾಕೆ? ಲ್ಯಾಟಿನ್‌ನಿಂದ ಬಂದ ಈ ತುಣುಕಿಗೆ ಇಂದು ಸ್ವಂತ ಅರ್ಥವೇನೂ ಇಲ್ಲ. ಅದರ ಕೆಲಸ ಒತ್ತನ್ನು ಧಾತುವಿನ ಮೇಲಿಂದ ತನ್ನ ಮೇಲೆ ಎಳೆದುಕೊಳ್ಳುವುದು. ನಾವು–ನೀವು ರೂಪಗಳಲ್ಲಿ ಒತ್ತು ಆಗಲೇ ಪ್ರತ್ಯಯದ ಮೇಲಿರುತ್ತದೆ. ಅಲ್ಲಿ ಅದಕ್ಕೆ ಕೆಲಸವಿಲ್ಲ, ಹಾಗಾಗಿ ಬರುವುದಿಲ್ಲ. ಇದು ತಿಳಿದರೆ ಕೋಷ್ಟಕ ನೋಡದೆಯೇ ಹೇಳಬಹುದು. ಅರ್ಥಮಾಡಿಕೊಳ್ಳು ಎಂಬ 'ಕಪೀರೆ', ಸ್ವಚ್ಛ ಮಾಡು ಎಂಬ 'ಪುಲೀರೆ', ಇನ್ನೂ ಎಷ್ಟೋ ಈ ಸಾಲಿನವು. 'ಈರೆ' ಗುಂಪಿನಲ್ಲಿ ಇವೇ ಜಾಸ್ತಿ.

ನಡುವಿನ 'ಎರೆ' ಗುಂಪನ್ನು ಬೇಗ ದಾಟುತ್ತೇನೆ. ನಂಬು ಎಂಬ 'ಕ್ರೇದೆರೆ' ವರ್ತಮಾನದಲ್ಲಿ ಕ್ರೇದೊ, ಕ್ರೇದಿ, ಕ್ರೇದೆ ಎಂದು ಹೋಗುತ್ತದೆ. ಈ ಗುಂಪಿನಲ್ಲಿ ಪೂರ್ತಿ ನಿಯಮಿತವಾದವು ಕಡಿಮೆ. ಭಾಷೆಗೆ ಹೊಸದಾಗಿ ಬರುವ ಕ್ರಿಯಾಪದಗಳು ಸೇರುವುದು 'ಆರೆ' ಗುಂಪಿಗೆ. ಕಂಪ್ಯೂಟರಿನಲ್ಲಿ ಕ್ಲಿಕ್ ಮಾಡುವುದು ಅಲ್ಲಿ 'ಕ್ಲಿಕ್ಕಾರೆ'. ನಾವು 'ಕ್ಲಿಕ್ಕಿಸು' ಅಂದ ಹಾಗೆ. ಆದ್ದರಿಂದ ಒಂದೇ ಗುಂಪು ಗಟ್ಟಿಮಾಡಲು ಸಮಯವಿದೆ ಅಂದರೆ 'ಆರೆ' ಗುಂಪನ್ನೇ ಹಿಡಿಯಿರಿ.

ಭೂತಕಾಲಕ್ಕೆ ಬರೋಣ. 'ಪರ್ಲಾವೊ' ಅಂದರೆ ಮಾತಾಡುತ್ತಿದ್ದೆ. ಇದನ್ನು 'ಇಂಪೆರ್ಫೇತ್ತೊ' ಅನ್ನುತ್ತಾರೆ. 'ಓ ಪರ್ಲಾತೊ' ಎಲ್ಲಿ, 'ಪರ್ಲಾವೊ' ಎಲ್ಲಿ ಎಂಬ ಪ್ರಶ್ನೆ ಇಂಗ್ಲಿಷಿನಿಂದ ಬಂದವರನ್ನು ತುಂಬ ಕಾಡುತ್ತದೆ. ನಮಗೆ 'ಮಾತಾಡಿದೆ' ಮತ್ತು 'ಮಾತಾಡುತ್ತಿದ್ದೆ' ನಡುವಿನ ವ್ಯತ್ಯಾಸ ಗೊತ್ತು. ಹೆಚ್ಚಿನ ಕಡೆ ಅದೇ ಸಾಕು. ಇನ್ನೊಂದು ಸಂಗತಿ. ಹಿಂದೆ ಸಾಹಿತ್ಯದ ಇಟಾಲಿಯನ್‌ನಲ್ಲಿ 'ನಾನು' ರೂಪವೂ 'ಪರ್ಲಾವ' ಎಂದೇ ಇತ್ತು, 'ಅವನು' ರೂಪದ ಹಾಗೆ. ಆಡುಮಾತಿನಲ್ಲಿ 'ಪರ್ಲಾವೊ' ಇತ್ತು. ಅಲೆಸ್ಸಾಂದ್ರೊ ಮಾಂಜೋನಿ 1827ರಲ್ಲಿ ಪ್ರಕಟಿಸಿದ ತನ್ನ ಕಾದಂಬರಿಯನ್ನು 1840ರಲ್ಲಿ ಶುರುವಾದ ಹೊಸ ಆವೃತ್ತಿಗಾಗಿ ತಿದ್ದಿದ. ಫ್ಲಾರೆನ್ಸಿನ ಜನರ ಮಾತಿಗೆ ಹತ್ತಿರ ತರಬೇಕೆಂದು ಈ 'ಒ' ರೂಪಗಳನ್ನು ಹಾಕಿದ. ಬರಹದಲ್ಲಿ ಅದು ನೆಲೆನಿಲ್ಲಲು ಆ ತಿದ್ದುಪಡಿಯ ನೆರವು ದೊಡ್ಡದು. ಬಾಯಿಮಾತು ಗೆದ್ದ ಇಂಥ ಕಡೆಗಳು ನನಗೆ ಬಹಳ ಇಷ್ಟ.

ದೂರದ ಭೂತಕಾಲವಾದ 'ಪಸ್ಸಾತೊ ರೆಮೋತೊ', ಅಂದರೆ ಪರ್ಲಾಯಿ, ಪರ್ಲಾಸ್ತಿ, ಪರ್ಲೋ, ಕಥೆ–ಇತಿಹಾಸದ ಪುಸ್ತಕಗಳಲ್ಲಿ ತುಂಬಾ ಸಿಗುತ್ತದೆ. ಸಿಸಿಲಿಯಂಥ ದಕ್ಷಿಣದ ಕಡೆ, ಟಸ್ಕನಿಯಲ್ಲಿ, ಮಾತಿನಲ್ಲೂ ಕೇಳುತ್ತದೆ. ಮಿಲಾನ್, ಟೊರಿನೊ ಕಡೆಗೆ ಓದಲು ಹೋಗುವವರು ಇದನ್ನು ಓದಿ ಅರ್ಥಮಾಡಿಕೊಂಡರೆ ಸಾಕು, ಮಾತಿನಲ್ಲಿ 'ಓ ಪರ್ಲಾತೊ' ನಡೆಯುತ್ತದೆ.

ಭವಿಷ್ಯತ್ತಿನ ಹುಟ್ಟು ಸೊಗಸಾಗಿದೆ. ಹಳೆಯ ಲ್ಯಾಟಿನ್ ಭವಿಷ್ಯತ್ ರೂಪ ಅಳಿದ ಮೇಲೆ ಜನ ಮೂಲರೂಪದ ಜೊತೆ 'ನನಗಿದೆ' ಎಂಬ ಕ್ರಿಯಾಪದ ಸೇರಿಸಿ ಮಾತಾಡಿದರು. ಆ ಎರಡೂ ಬೆಸೆದು 'ಪರ್ಲೆರೋ' ಆಯಿತು. ಪರ್ಲೆರೋ, ಪರ್ಲೆರಾಯಿ, ಪರ್ಲೆರಾ, ಪರ್ಲೆರಾನ್ನೊ. ಇವುಗಳ ಕೊನೆಯಲ್ಲಿ 'ಅವೇರೆ'ಯ ಓ, ಆಯಿ, ಆ, ಆನ್ನೊ ಇನ್ನೂ ಕೇಳುತ್ತಿವೆ. ಒತ್ತು ಯಾವಾಗಲೂ ಆ ಬಾಲದ ಮೇಲೇ. ಪದದ ನಡುವೆ 'ಅರ್' ಇರಬೇಕಾದ ಕಡೆ 'ಎರ್' ಬಂದದ್ದು ಫ್ಲಾರೆನ್ಸಿನ ಉಚ್ಚಾರದಿಂದ. ಷರತ್ತಿನ ಮಾತಿಗೆ ಬರುವ 'ಕೊಂದಿತ್ಸ್ಯೊನಾಲೆ' ಎಂಬ ಅರ್ಥರೂಪವೂ ಇದೇ ರೀತಿ ಹುಟ್ಟಿದ್ದು, ಅಲ್ಲಿ ಸೇರಿದ್ದು 'ಅವೇರೆ'ಯ ದೂರದ ಭೂತಕಾಲ: ಪರ್ಲೆರೇಯಿ, ಪರ್ಲೆರೇಸ್ತಿ, ಪರ್ಲೆರೇಬ್ಬೆ.

ಇಲ್ಲಿ ಒಂದು ಕಡೆ ಕಿವಿ ಚುರುಕಾಗಿರಬೇಕು. 'ಪರ್ಲೆರೇಮೊ' ಅಂದರೆ ಮಾತಾಡುತ್ತೇವೆ, ಮುಂದೆ. 'ಪರ್ಲೆರೇಮ್ಮೊ' ಅಂದರೆ ಸಂದರ್ಭ ಬಂದಿದ್ದರೆ ಮಾತಾಡುತ್ತಿದ್ದೆವು. ನಡುವೆ ಇರುವುದು ಒಂದು 'ಮ'ಕಾರ. ಎಷ್ಟೋ ದೇಶದವರಿಗೆ ಇದು ಕೇಳಿಸುವುದೇ ಇಲ್ಲ. ಹಳಿ–ಹಳ್ಳಿ, ಬಳಿ–ಬಳ್ಳಿ ಎಂದು ಚಿಕ್ಕಂದಿನಿಂದ ಬೇರೆಮಾಡಿ ಕೇಳಿದ ನಮಗೆ ಕೇಳಿಸುತ್ತದೆ. ಆ ಕಿವಿಯನ್ನು ಬಳಸಿಕೊಳ್ಳಿ.

ಉಳಿದದ್ದು 'ಕೊಂಜುಂತೀವೊ'. ಅನುಮಾನ, ಆಸೆ, ಅನಿಸಿಕೆಗಳ ರೂಪ. ನಮ್ಮಲ್ಲಿ 'ಬಂದಾನು', 'ಬಂದೀತು' ಎಂಬ ಸಂಭಾವನಾರ್ಥ ಇದೆ, ಆದರೆ ಬಳಕೆ ಬೇರೆ. 'ಸೋ ಕೆ ದೋರ್ಮೆ' ಅಂದರೆ ಅವನು ಮಲಗಿದ್ದಾನೆ ಅಂತ ಗೊತ್ತು. 'ಪೇನ್ಸೊ ಕೆ ದೋರ್ಮ' ಅಂದರೆ ಮಲಗಿದ್ದಾನೆ ಅನ್ಸತ್ತೆ. ಗೊತ್ತಿರುವುದಕ್ಕೆ ಒಂದು ಸ್ವರ, ಅನಿಸುವುದಕ್ಕೆ ಇನ್ನೊಂದು. ಕನ್ನಡದಲ್ಲಿ ಎರಡು ಕಡೆಯೂ 'ಮಲಗಿದ್ದಾನೆ' ಎಂದೇ ಇರುತ್ತದೆ, ಹಾಗಾಗಿ ನಾವು ಇದನ್ನು ಮರೆಯುತ್ತೇವೆ. ನಿಯಮ ಅದಲು–ಬದಲು: 'ಆರೆ' ಗುಂಪು 'ಇ' ಹಿಡಿಯುತ್ತದೆ, ಉಳಿದವು 'ಅ' ಹಿಡಿಯುತ್ತವೆ.

ಇದು ಪುಸ್ತಕದ ಮಾತಲ್ಲ, ಬೀದಿಯ ಮಾತು. ಗೆಳೆಯನಿಗೆ 'ಸ್ಕೂಸ' ಅನ್ನಬೇಕು, ಕ್ಷಮಿಸು ಅಂತ. ಅಂಗಡಿಯ ಅಪರಿಚಿತರಿಗೆ 'ಸ್ಕೂಸಿ', ಕ್ಷಮಿಸಿ ಅಂತ. ಆ ಎರಡನೆಯದು ಕೊಂಜುಂತೀವೊ ರೂಪವೇ. ನಾವು ಬಹುವಚನದಿಂದ ಗೌರವ ಕೊಡುತ್ತೇವೆ, ಅವರು 'ಅವಳು' ಎಂಬರ್ಥದ 'ಲೇಯಿ'ಯಿಂದ ಕೊಡುತ್ತಾರೆ. ದಕ್ಷಿಣದಲ್ಲಿ ನಮ್ಮ 'ನೀವು' ಹಾಗೆ 'ವೋಯಿ' ಕೂಡ ಕೇಳಿಬರುತ್ತದೆ. ಬೇಡ ಅನ್ನುವಾಗ ಗೆಳೆಯನಿಗೆ 'ನೊನ್ ಪರ್ಲಾರೆ', ಮಾತಾಡಬೇಡ. ಅಲ್ಲಿ ಮೂಲರೂಪ ಹಾಗೇ ಉಳಿಯುತ್ತದೆ.

ಕೊನೆಯದಾಗಿ, ನಮ್ಮ 'ಬಂದರೆ', 'ಇದ್ದರೆ' ಹಾಗೆ ಷರತ್ತು ಹೇಳುವ 'ರೆ' ವಾಕ್ಯ. 'ಸೆ ಪರ್ಲಾಸ್ಸಿ ಇತಲ್ಯಾನೊ, ಲವೊರೆರೇಯಿ ಅ ತೊರೀನೊ.' ಇಟಾಲಿಯನ್ ಮಾತಾಡಲು ಬರುತ್ತಿದ್ದರೆ ಟೊರಿನೊದಲ್ಲಿ ಕೆಲಸ ಮಾಡುತ್ತಿದ್ದೆ. 'ಸೆ' ಕಡೆಗೆ ಕೊಂಜುಂತೀವೊ, ಇನ್ನೊಂದು ಕಡೆಗೆ ಕೊಂದಿತ್ಸ್ಯೊನಾಲೆ. ಶಾಲೆಯಲ್ಲಿ ಇದನ್ನೇ ಕಲಿಸುತ್ತಾರೆ, ಬರೆಯುವಾಗ ಹೀಗೇ ಬರೆಯಿರಿ. ಆದರೆ ಆಡುಮಾತಿನಲ್ಲಿ ಇಟಲಿಯವರು 'ಸೆ ಲೊ ಸಪೇವೊ, ವೆನೀವೊ' ಅನ್ನುವುದೂ ಉಂಟು. ಎರಡೂ ಕಡೆ ಇಂಪೆರ್ಫೇತ್ತೊ. ಗೊತ್ತಿದ್ದಿದ್ದರೆ ಬರ್ತಿದ್ದೆ. ನಮ್ಮ 'ಬರ್ತಿದ್ದೆ'ಯ ಜಾಗದಲ್ಲಿ ಅವರ 'ವೆನೀವೊ' ಸರಿಯಾಗಿ ಕೂತಿದೆ ನೋಡಿ.

ಮನೆಯಲ್ಲಿ ಅಭ್ಯಾಸಕ್ಕೆ, 'ಕೇಳು' ಎಂಬರ್ಥದ 'ಅಸ್ಕೊಲ್ತಾರೆ' ತಗೊಳ್ಳಿ. ಅಸ್ಕೋಲ್ತೊ, ಅಸ್ಕೊಲ್ತಾವೊ, ಅಸ್ಕೊಲ್ತೋ, ಅಸ್ಕೊಲ್ತೆರೋ, ಅಸ್ಕೊಲ್ತೆರೇಯಿ, ಅಸ್ಕೊಲ್ತಾಸ್ಸಿ. ಒತ್ತು ಎಲ್ಲಿದೆ ಎಂದು ಬೆರಳಿನಿಂದ ಮೇಜು ತಟ್ಟುತ್ತಾ ಹೇಳಿ. ಈಗ ನಿಮ್ಮ ಪ್ರಶ್ನೆಗಳನ್ನು ಕೇಳಬಹುದು.